ಜ್ವಾಲಾಮುಖಿ ನಾಡಿನ ಕಾಡುಗಳಲ್ಲಿ ಮೌಂಟನ್ ಬೈಕ್ ಪ್ರವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜಿಲೆಂಡಿನ ಉತ್ತರ ದ್ವೀಪದ ನಡುಭಾಗದಲ್ಲಿ ಮಾರ್ಗದರ್ಶಿಯೊಂದಿಗೆ ಐದಾರು ದಿನ ಸೈಕಲ್ ತುಳಿಯುವ ಪ್ರವಾಸದ ಬಗ್ಗೆ ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಬೆಂಗಳೂರು, ಹುಬ್ಬಳ್ಳಿಗಳಿಂದ ಬಂದವೂ ಇವೆ, ಆಕ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ಕೇಳಿದವೂ ಇವೆ. ಪ್ರಶ್ನೆಗಳನ್ನು ಕೇಳಿದವರ ಧಾಟಿಯಲ್ಲೇ ಇಟ್ಟಿದ್ದೇನೆ. ಮೊದಲ ಸಲ ಯೋಚಿಸುತ್ತಿರುವವರು ಮೇಲಿನಿಂದ ಓದಲಿ, ಪಳಗಿದವರು ಕೊನೆಯ ಭಾಗಕ್ಕೆ ಹೋಗಬಹುದು.

## ಮೊದಲ ತಿಳಿವಳಿಕೆ

ಜ್ವಾಲಾಮುಖಿ ನಾಡು ಎಂದರೆ ಬೂದಿ, ಹೊಗೆ, ಕರಿಬಂಡೆಗಳ ನಡುವೆ ಸವಾರಿಯೇ? ಅದರಲ್ಲಿ ನೋಡುವುದೇನಿದೆ?

ಹೊಗೆ ಅಲ್ಲಲ್ಲಿ ಏಳುತ್ತದೆ, ಉಳಿದದ್ದೆಲ್ಲ ಹಸಿರು. ಜರೀಗಿಡಗಳು ಮರದಷ್ಟು ಎತ್ತರ ಬೆಳೆದು ಕೊಡೆ ಹಿಡಿದಿರುತ್ತವೆ, ಅವುಗಳ ಮೇಲೆ ರಿಮು, ತೋತಾರ, ಮತಾಯಿ ಮರಗಳ ಮೇಲ್ಛಾವಣಿ. ಜ್ವಾಲಾಮುಖಿ ಇರುವುದು ಹೆಚ್ಚಾಗಿ ಚಕ್ರದ ಅಡಿಯಲ್ಲಿ. ಟೌಪೊ ಸರೋವರ ನಿಂತಿರುವುದು ಒಂದು ಮಹಾಜ್ವಾಲಾಮುಖಿಯ ಬಾಯಿಯಲ್ಲಿ. ಸುಮಾರು 25,500 ವರ್ಷಗಳ ಹಿಂದೆ ಅದು ಭೀಕರವಾಗಿ ಸಿಡಿದು ನೆಲ ಕುಸಿಯಿತು. ಕ್ರಿ.ಶ. 232ರ ಆಸುಪಾಸಿನಲ್ಲಿ ಮತ್ತೊಮ್ಮೆ ಸಿಡಿದು ಸುತ್ತಲಿನ ಕಾಡನ್ನು ನೆಲಕ್ಕೆ ಮಲಗಿಸಿತು. ಆಗ ಸುರಿದ ಪ್ಯೂಮಿಸ್, ಅಂದರೆ ನೀರಿನಲ್ಲಿ ತೇಲುವಷ್ಟು ಹಗುರವಾದ ರಂಧ್ರಗಲ್ಲು, ಇಂದು ನೀವು ತುಳಿಯುವ ಮಣ್ಣು.

ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಮಣ್ಣೂ ಜ್ವಾಲಾಮುಖಿಯ ಸಂತಾನವೇ. ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಬಸಾಲ್ಟ್ ಸವೆದು ಆದದ್ದು. ಒಂದು ಮಳೆ ಬಿದ್ದರೆ ಅದು ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ನಿಲ್ಲಿಸುತ್ತದೆ. ಪ್ಯೂಮಿಸ್ ನೆಲವಾದರೋ ನೀರನ್ನು ಸರಸರನೆ ಇಂಗಿಸಿಕೊಳ್ಳುತ್ತದೆ, ರಾತ್ರಿಯಿಡೀ ಮಳೆ ಹೊಯ್ದರೂ ಬೆಳಿಗ್ಗೆ ಸವಾರಿ ಮಾಡಬಹುದು. ಈ ಸೀಮೆ ಮೌಂಟನ್ ಬೈಕ್ ಸವಾರರಿಗೆ ಇಷ್ಟೊಂದು ಒಲಿದಿರುವುದಕ್ಕೆ ನೋಟಕ್ಕಿಂತ ಮೊದಲ ಕಾರಣ ಈ ಮಣ್ಣು ಎಂಬುದು ನನ್ನ ನಂಬಿಕೆ.

ಆರು ದಿನ ಎಲ್ಲೆಲ್ಲಿ ಕರೆದುಕೊಂಡು ಹೋಗುತ್ತಾರೆ?

ಆಯೋಜಕರಿಂದ ಆಯೋಜಕರಿಗೆ ವ್ಯತ್ಯಾಸವಿದೆ. ನಾನು ಮೆಚ್ಚುವ ಕ್ರಮ ಇದು. ಮೊದಲ ಒಂದೆರಡು ದಿನ ರೊಟೊರುವಾ ಪಟ್ಟಣದ ಫಕರೆವರೆವಾ ಕಾಡು. 1901ರಲ್ಲಿ ನೆಟ್ಟ ಕ್ಯಾಲಿಫೋರ್ನಿಯಾದ ರೆಡ್‌ವುಡ್ ತೋಪು ಅಲ್ಲಿದೆ, ಅದರ ಹಿಂದೆ ನೂರಾರು ಕಿಲೋಮೀಟರು ಸೈಕಲ್ ಹಾದಿಗಳ ಜಾಲ. ಕೈಕಾಲು ಕುದುರಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬಳಿಕ ಟೌಪೊ ಸರೋವರದ ದಂಡೆಯ ಗ್ರೇಟ್ ಲೇಕ್ ಟ್ರೇಲ್. ಅದರ ಪಶ್ಚಿಮದ ತುಂಡು ರಸ್ತೆಯೇ ಇಲ್ಲದ ಕೊಲ್ಲಿಯೊಂದರಲ್ಲಿ ಮುಗಿಯುತ್ತದೆ, ಅಲ್ಲಿಂದ ನಿಮ್ಮನ್ನೂ ಸೈಕಲ್ಲನ್ನೂ ದೋಣಿ ಹೊತ್ತೊಯ್ಯುತ್ತದೆ. ನಾಲ್ಕನೆಯ, ಐದನೆಯ ದಿನಗಳು ಟಿಂಬರ್ ಟ್ರೇಲಿಗೆ: ಪುರೆಯೊರಾ ಹಳ್ಳಿಯಿಂದ ಒಂಗರುಯೆವರೆಗೆ ಸುಮಾರು 85 ಕಿ.ಮೀ. ಕೊನೆಯ ದಿನ ರುವಪೆಹು ಪರ್ವತದ ಬುಡದಲ್ಲಿ ಹೊರೊಪಿಟೊದಿಂದ ಒಹಾಕುನೆಗೆ 15 ಕಿ.ಮೀ. ಉದ್ದದ ಓಲ್ಡ್ ಕೋಚ್ ರೋಡ್.

ಒಂದೇ ಆಯ್ಕೆ ಸಾಧ್ಯವಾದರೆ ಟಿಂಬರ್ ಟ್ರೇಲ್ ಆರಿಸಿಕೊಳ್ಳಿ. ಉಳಿದವುಗಳಿಗೆ ಇನ್ನೊಮ್ಮೆ ಬರಬಹುದು.

ಜ್ವಾಲಾಮುಖಿ ಇನ್ನೂ ಜೀವಂತ ಎನ್ನುತ್ತೀರಿ. ನಾವು ಇರುವಾಗಲೇ ಸಿಡಿದರೆ?

ಹೆದರಿಕೆ ಅಸಂಬದ್ಧವಲ್ಲ. ರೊಟೊರುವಾ ಪಕ್ಕದ ತಾರವೆರಾ 1886ರ ಜೂನ್ 10ರ ನಸುಕಿನಲ್ಲಿ ಸಿಡಿದು ಹಳ್ಳಿಗಳನ್ನು ಹೂತುಹಾಕಿತು. ರುವಪೆಹು 1995-96ರಲ್ಲಿ, ಮತ್ತೆ 2007ರಲ್ಲಿ ಸಿಡಿಯಿತು. 2019ರ ಡಿಸೆಂಬರಿನಲ್ಲಿ ಫಕಾರಿ ದ್ವೀಪದ ಸ್ಫೋಟದಲ್ಲಿ 22 ಮಂದಿ ಪ್ರವಾಸಿಗರು ಮತ್ತು ಮಾರ್ಗದರ್ಶಿಗಳು ಸತ್ತರು. ಆದರೆ ಅವರು ನಿಂತಿದ್ದದ್ದು ಜ್ವಾಲಾಮುಖಿಯ ಬಾಯಿಯೊಳಗೆ. ಸೈಕಲ್ ಹಾದಿಗಳು ಈಚೆಗೆ ಸಿಡಿದ ಅಂಥ ಬಾಯಿಗಳಿಂದ ದೂರ ಇವೆ.

ಜಿಯೋನೆಟ್ ಎಂಬ ವ್ಯವಸ್ಥೆ ಪ್ರತಿ ಜ್ವಾಲಾಮುಖಿಗೂ ಸೊನ್ನೆಯಿಂದ ಐದರವರೆಗೆ ಎಚ್ಚರಿಕೆಯ ಮಟ್ಟ ಪ್ರಕಟಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಟೌಪೊದ ಮಟ್ಟವನ್ನು ಒಂದಕ್ಕೆ ಏರಿಸಿ, 2023ರ ಮೇ ತಿಂಗಳಲ್ಲಿ ಸೊನ್ನೆಗೆ ಇಳಿಸಿದರು. ಆ ಅವಧಿಯಲ್ಲೂ ಸರೋವರದ ದಂಡೆಯ ಊರುಗಳ ದಿನಚರಿ ಎಂದಿನಂತೆ ನಡೆದಿತ್ತು. ಪ್ರವಾಸ ಕಾಯ್ದಿರಿಸುವಾಗ ಈ ಮಟ್ಟ ಏರಿದರೆ ಹಾದಿ ಬದಲಿಸುತ್ತಾರೆಯೇ, ಹಣ ಮರಳಿಸುತ್ತಾರೆಯೇ ಎಂದು ಕೇಳಿ ಬರಹದಲ್ಲಿ ಪಡೆಯಿರಿ.

ನನಗೆ ಐವತ್ತೆರಡು. ಭಾನುವಾರ ಮಾತ್ರ ಸೈಕಲ್ ಹೊಡೆಯುತ್ತೇನೆ. ನನ್ನಂಥವರಿಗೆ ಇದು ಆಗುತ್ತದೆಯೇ?

ಆಗುತ್ತದೆ, ಹಾದಿಯ ದರ್ಜೆ ನೋಡಿ ಹೊರಟರೆ. ನ್ಯೂಜಿಲೆಂಡಿನಲ್ಲಿ ಸೈಕಲ್ ಹಾದಿಗಳಿಗೆ ಒಂದರಿಂದ ಮೇಲಕ್ಕೆ ದರ್ಜೆ ಕೊಡುತ್ತಾರೆ, ಸಂಖ್ಯೆ ಏರಿದಂತೆ ಹಾದಿ ಕಷ್ಟ. ಟಿಂಬರ್ ಟ್ರೇಲ್ ಎರಡು–ಮೂರನೆಯ ದರ್ಜೆ, ಗ್ರೇಟ್ ಲೇಕ್ ಟ್ರೇಲ್ ಮೂರನೆಯದು. ಮೂರನೆಯ ದರ್ಜೆ ಎಂದರೆ ಕಿರಿದಾದ ಹಾದಿ, ಬೇರುಗಳು, ಆಗಾಗ ಕಡಿದಾದ ತುಂಡು, ಒಂದು ಬದಿಗೆ ಇಳಿಜಾರು. ನೆಗೆತಗಳಿಲ್ಲ.

ಜನ ಸಾಮಾನ್ಯವಾಗಿ ಸೋಲುವುದು ಏರಿನಲ್ಲಿ ಅಲ್ಲ. ಏರಿನಲ್ಲಿ ಇಳಿದು ತಳ್ಳಿದರೆ ಯಾರೂ ನಗುವುದಿಲ್ಲ. ಇಳಿಯುವಾಗ ಬ್ರೇಕನ್ನು ಗಟ್ಟಿಯಾಗಿ ಅದುಮಿಕೊಂಡೇ ಬಂದು, ಮಧ್ಯಾಹ್ನದ ಹೊತ್ತಿಗೆ ಅಂಗೈ, ಮುಂಗೈ ಮರಗಟ್ಟಿ, ಆ ದಣಿವಿನಲ್ಲಿ ತಿರುವು ತಪ್ಪುವುದೇ ಹೆಚ್ಚು. ವಯಸ್ಸಿಗೂ ಇದಕ್ಕೂ ಅಷ್ಟಾಗಿ ಸಂಬಂಧವಿಲ್ಲ. ಇಪ್ಪತ್ತೈದರ ಹುಡುಗರೇ ಹೆಚ್ಚು ಬೀಳುತ್ತಾರೆ.

## ಹೊರಡುವ ಮುನ್ನ

ನಕ್ಷೆ ಮೊಬೈಲಿನಲ್ಲೇ ಇದೆ, ಹಾದಿಯುದ್ದಕ್ಕೂ ಫಲಕಗಳೂ ಇವೆಯಂತೆ. ಮಾರ್ಗದರ್ಶಿಗೆ ಇಷ್ಟೊಂದು ಹಣ ಏಕೆ ಕೊಡಬೇಕು?

ದಾರಿ ತೋರಿಸಲಿಕ್ಕೆ ಎಂದುಕೊಂಡರೆ ಖಂಡಿತ ಬೇಡ, ಈ ಹಾದಿಗಳಲ್ಲಿ ದಾರಿ ತಪ್ಪುವುದು ಕಷ್ಟ. ನೀವು ಹಣ ಕೊಡುವುದು ಮುಖ್ಯವಾಗಿ ವಾಹನಕ್ಕೆ. ಟಿಂಬರ್ ಟ್ರೇಲ್ ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುತ್ತದೆ, ಎರಡು ತುದಿಗಳ ನಡುವೆ ಸಾರ್ವಜನಿಕ ಬಸ್ಸಿಲ್ಲ. ಗ್ರೇಟ್ ಲೇಕ್ ಟ್ರೇಲಿಗೆ ದೋಣಿ ಬೇಕು. ಹೋಟೆಲಿನಿಂದ ಹೋಟೆಲಿಗೆ ಸಾಮಾನು ಹೋಗಬೇಕು. ಇದನ್ನೆಲ್ಲ ನೀವೇ ಹೊಂದಿಸಬಹುದು. ಸ್ಥಳೀಯ ವಾಹನ ಸೇವೆಗಳು ಇವೆ, ಖರ್ಚೂ ಗಣನೀಯವಾಗಿ ಇಳಿಯುತ್ತದೆ. ನಾಲ್ವರು ಅನುಭವಿ ಗೆಳೆಯರಿದ್ದರೆ ನಾನೂ ಹಾಗೆಯೇ ಮಾಡಿ ಎನ್ನುತ್ತೇನೆ.

ಮಾರ್ಗದರ್ಶಿ ನಿಜಕ್ಕೂ ಬೆಲೆಬಾಳುವುದು ಎರಡು ಸಂದರ್ಭಗಳಲ್ಲಿ. ಒಂದು, ಹವಾಮಾನ ಕೆಟ್ಟಾಗ ದಿನಗಳನ್ನು ಹಿಂದುಮುಂದು ಮಾಡುವಾಗ. ಇನ್ನೊಂದು, ಮೊಬೈಲ್ ಸಂಕೇತವೇ ಸಿಗದ ಕಾಡಿನ ನಡುವೆ ಯಾರಾದರೂ ಬಿದ್ದಾಗ. ಅವರ ಚೀಲದಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸಾಧನ ಇರುತ್ತದೆಯೇ ಎಂದು ಮೊದಲೇ ಕೇಳಿ. ಇಲ್ಲ ಎಂದರೆ ಬೇರೆಯವರನ್ನು ಹುಡುಕಿ.

ಯಾವ ತಿಂಗಳು ಒಳ್ಳೆಯದು?

ಫೆಬ್ರವರಿ, ಮಾರ್ಚ್. ಅಲ್ಲಿಯ ಬೇಸಿಗೆ ನಮ್ಮ ಡಿಸೆಂಬರಿನಿಂದ ಫೆಬ್ರವರಿವರೆಗೆ. ಕ್ರಿಸ್‌ಮಸ್‌ನಿಂದ ಜನವರಿಯ ನಡುವಿನವರೆಗೆ ಅವರದೇ ರಜೆ, ಕೊಠಡಿ ಸಿಗುವುದಿಲ್ಲ. ಜೂನ್, ಜುಲೈಗಳಲ್ಲಿ ಮೇಲಿನ ಹಾದಿಗಳ ಮೇಲೆ ಹಿಮ ಬೀಳಬಹುದು. ನಮ್ಮ ಶಾಲೆಗಳ ಏಪ್ರಿಲ್ ರಜೆಗೆ ಹೊಂದಿಸಿಕೊಂಡರೆ ಚಳಿ ಸ್ವಲ್ಪ ಹೆಚ್ಚು, ಹಗಲು ಕಡಿಮೆ, ಆದರೂ ಪರವಾಗಿಲ್ಲ.

ನನ್ನ ಸೈಕಲ್ಲನ್ನು ಬೆಂಗಳೂರಿನಿಂದ ಒಯ್ಯಬಹುದೇ?

ಒಯ್ಯಬಹುದು. ಆದರೆ ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಜೈವಿಕ ಸುರಕ್ಷಾ ತಪಾಸಣೆ ಬಲು ಬಿಗಿ. ಟೈರಿನ ಸಂದಿಯಲ್ಲಿ, ಶೂ ಅಡಿಯಲ್ಲಿ ಒಣಗಿದ ಮಣ್ಣಿನ ಹೆಪ್ಪು ಇರಕೂಡದು. ಬಳಸಿದ ಸೈಕಲ್, ಶೂ, ಹೆಲ್ಮೆಟ್ ಎಲ್ಲವನ್ನೂ ಘೋಷಣೆಯಲ್ಲಿ ಬರೆಯಲೇಬೇಕು. ಘೋಷಿಸಿದರೆ ಹೆಚ್ಚೆಂದರೆ ತೊಳೆಸುತ್ತಾರೆ. ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಒಂದು ವಾರದ ಪ್ರವಾಸಕ್ಕೆ ಈ ತಾಪತ್ರಯ ಬೇಡ. ಬಾಡಿಗೆಗೆ ಒಳ್ಳೆಯ ಸೈಕಲ್ಲುಗಳು ಸಿಗುತ್ತವೆ. ನಿಮ್ಮ ಸೀಟನ್ನೋ ಪೆಡಲುಗಳನ್ನೋ ಬೇಕಾದರೆ ಒಯ್ಯಿರಿ. ನಿಮ್ಮ ಬೆನ್ನು, ಮಂಡಿ ಗುರುತಿಸುವುದು ಅವೆರಡನ್ನೇ.

ವಿದ್ಯುತ್ ಸೈಕಲ್ ತೆಗೆದುಕೊಂಡರೆ ಮೋಸ ಮಾಡಿದಂತೆ ಆಗುವುದಿಲ್ಲವೇ?

ಯಾರಿಗೆ ಮೋಸ? ದಂಪತಿಗಳಲ್ಲಿ ಒಬ್ಬರು ಬಲವಾಗಿ ತುಳಿಯುವವರಾಗಿ, ಇನ್ನೊಬ್ಬರು ಹೊಸಬರಾಗಿದ್ದರೆ ಇಬ್ಬರೂ ಜೊತೆಯಾಗಿ ಸಾಗಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎರಡು ಎಚ್ಚರಿಕೆಗಳು ಮಾತ್ರ. ಇಲ್ಲಿಂದ ವಿಮಾನದಲ್ಲಿ ಅದರ ಬ್ಯಾಟರಿ ಒಯ್ಯಲು ಬಿಡುವುದಿಲ್ಲ, ಅಲ್ಲೇ ಬಾಡಿಗೆಗೆ ಪಡೆಯಬೇಕು. ಇನ್ನು, ಅದರ ತೂಕ ಇಳಿಜಾರಿನಲ್ಲಿ ನಿಮ್ಮನ್ನು ಮುಂದಕ್ಕೆ ದೂಡುತ್ತದೆ. ಬ್ರೇಕಿನ ಅಭ್ಯಾಸ ಇನ್ನಷ್ಟು ಬೇಕು.

ನಂದಿ ಬೆಟ್ಟ ಹತ್ತಿ ಅಭ್ಯಾಸ ಮಾಡಿದರೆ ಸಾಕೇ?

ಅರ್ಧ ಸಾಕು. ಟಿಂಬರ್ ಟ್ರೇಲಿನ ಮೊದಲ ದಿನ ಪುರೆಯೊರಾ ಪರ್ವತದ ಪಕ್ಕೆಯಲ್ಲಿ ಸುಮಾರು 970 ಮೀಟರ್ ಎತ್ತರದವರೆಗೆ ಏರಬೇಕು. ಹಾದಿ ಬಳಸಿ ಬಳಸಿ ಹೋಗುವುದರಿಂದ ನಂದಿಯ ಕೊನೆಯ ತಿರುವುಗಳಷ್ಟು ಕಡಿದಲ್ಲ. ನಂದಿ ನಿಮ್ಮ ಉಸಿರಿಗೆ ಅಭ್ಯಾಸ ಕೊಡುತ್ತದೆ, ಡಾಂಬರಿನ ಮೇಲೆ. ಮಣ್ಣಿನ ಹಾದಿಯಲ್ಲಿ ಪೆಡಲಿನ ಮೇಲೆ ನಿಂತು, ಮೊಣಕೈ ಬಾಗಿಸಿ, ಕಣ್ಣನ್ನು ಮುಂದಿನ ತಿರುವಿಗೆ ಇಟ್ಟು ಇಳಿಯುವುದನ್ನು ಬೇರೆಯಾಗಿ ಕಲಿಯಬೇಕು. ಕೆರೆ ಏರಿ, ಕಾಫಿ ತೋಟದ ಜೀಪ್ ರಸ್ತೆ, ಸವಾರಿಗೆ ಅನುಮತಿ ಇರುವ ಯಾವ ಕಾಲುಹಾದಿಯಾದರೂ ನಡೆಯುತ್ತದೆ. ಜೊತೆಗೆ ಒಂದು ಶನಿವಾರ ಮತ್ತು ಮರುದಿನದ ಭಾನುವಾರ, ಎರಡೂ ದಿನ ನಾಲ್ಕು ತಾಸು ತುಳಿದು ನೋಡಿ. ಎರಡನೆಯ ದಿನ ಸೀಟಿನ ಮೇಲೆ ಕೂರಲು ಸಾಧ್ಯವಾದರೆ ನೀವು ಸಿದ್ಧ.

ನಾವು ಶುದ್ಧ ಸಸ್ಯಾಹಾರಿಗಳು. ಕಾಡಿನಲ್ಲಿ ಉಪವಾಸವೇ?

ಉಪವಾಸವಿಲ್ಲ, ಆದರೆ ವಿವರ ನಿಮ್ಮದೇ ಜವಾಬ್ದಾರಿ. ಸಸ್ಯಾಹಾರ ಎಂದಷ್ಟೇ ಬರೆದರೆ ಮೊಟ್ಟೆ ಬರುತ್ತದೆ. ಮೊಟ್ಟೆ, ಮೀನು, ಮಾಂಸದ ಸಾರು, ಬೇಕಿದ್ದರೆ ಈರುಳ್ಳಿ, ಬೆಳ್ಳುಳ್ಳಿ ಎಂದು ಬೇಡದ್ದನ್ನೆಲ್ಲ ಒಂದೊಂದಾಗಿ ಹೆಸರಿಸಿ ತಿಂಗಳ ಮೊದಲೇ ತಿಳಿಸಿ. ಹಾದಿಯ ನಡುವಿನ ವಸತಿಗೃಹಗಳಿಗೆ ಸಾಮಾನು ದೂರದಿಂದ ಬರಬೇಕು, ಕೊನೆಯ ಗಳಿಗೆಯಲ್ಲಿ ಪಲ್ಯ ಹುಟ್ಟುವುದಿಲ್ಲ.

ಮನೆಯಿಂದ ಒಯ್ಯುವವರು ಕಾರ್ಖಾನೆಯಲ್ಲಿ ಪ್ಯಾಕ್ ಆದ, ಹೆಸರು ಪಟ್ಟಿ ಅಂಟಿಸಿದ ಒಣ ತಿನಿಸುಗಳನ್ನು ಒಯ್ದು ಘೋಷಿಸಿ. ತುಪ್ಪ, ಪೇಡ, ಜೇನು, ಹಸಿ ಕರಿಬೇವು, ಮೊಳಕೆ ಬರುವ ಕಾಳು ಇವುಗಳನ್ನು ಮನೆಯಲ್ಲೇ ಬಿಡಿ. ಧಾರವಾಡ ಪೇಡ ಕಸದ ಬುಟ್ಟಿಗೆ ಹೋಗುವುದನ್ನು ನೋಡುವ ಸಂಕಟ ಯಾರಿಗೂ ಬೇಡ.

ಬಟ್ಟೆ ಏನೇನು ಒಯ್ಯಲಿ?

ಹತ್ತಿಯ ಟೀ ಶರ್ಟ್ ಬೇಡ. ನೆನೆದರೆ ಒಣಗುವುದಿಲ್ಲ, ಗಾಳಿ ಬೀಸಿದರೆ ಮೈ ನಡುಗಲು ಶುರುವಾಗುತ್ತದೆ. ಉಣ್ಣೆಯದೋ ಪಾಲಿಯೆಸ್ಟರಿನದೋ ತೆಳು ಪದರಗಳು, ನಿಜವಾದ ಮಳೆ ಅಂಗಿ, ಮೆತ್ತೆ ಇರುವ ಎರಡು ಜೊತೆ ಚಡ್ಡಿ, ಪೂರ್ಣ ಬೆರಳಿನ ಕೈಗವಸು. ಬಿಸಿಲಿನ ಲೇಪನ ಮರೆಯಬೇಡಿ. ಅಲ್ಲಿಯ ಅತಿನೇರಳೆ ಕಿರಣ ಕಪ್ಪು ಮೈಬಣ್ಣದವರನ್ನೂ ಬಿಡುವುದಿಲ್ಲ. ಹೆಲ್ಮೆಟ್ ರಸ್ತೆಯ ಮೇಲೆ 1994ರಿಂದ ಕಾನೂನಿನಂತೆಯೇ ಕಡ್ಡಾಯ, ಕಾಡಿನಲ್ಲಿ ಬುದ್ಧಿಯಂತೆ.

ಬಿದ್ದು ಕೈ ಮುರಿದರೆ ಆಸ್ಪತ್ರೆ ಖರ್ಚು?

ಅಪಘಾತದಿಂದಾದ ಗಾಯದ ಚಿಕಿತ್ಸೆಗೆ ಎಸಿಸಿ ಎಂಬ ಸರ್ಕಾರಿ ಪರಿಹಾರ ವ್ಯವಸ್ಥೆ ಪ್ರವಾಸಿಗರಿಗೂ ನೆರವಾಗುತ್ತದೆ. ಜ್ವರ, ಹೃದಯದ ತೊಂದರೆ, ಮುರಿದ ಪ್ರವಾಸ, ಊರಿಗೆ ಮರಳುವ ವೆಚ್ಚ ಇವು ಅದರೊಳಗೆ ಬರುವುದಿಲ್ಲ. ಪ್ರಯಾಣ ವಿಮೆ ಮಾಡಿಸಿ, ಮಾಡಿಸುವಾಗ ಮೌಂಟನ್ ಬೈಕ್ ಸವಾರಿ ಅದರಲ್ಲಿ ಸೇರಿದೆ ಎಂಬುದನ್ನು ಓದಿ ಖಚಿತಪಡಿಸಿಕೊಳ್ಳಿ.

## ಹಾದಿಯ ಮೇಲೆ

ಹಾವು, ಚಿರತೆ, ಆನೆ?

ಮೂರೂ ಇಲ್ಲ. ಜಿಗಣೆಯ ಕಾಟವೂ ಮಲೆನಾಡಿನಂತೆ ಇಲ್ಲ. ಕಚ್ಚುವ ಸಣ್ಣ ನೊಣಗಳಿವೆ, ಬೇಸಿಗೆಯ ಕೊನೆಗೆ ಕಣಜಗಳಿವೆ. ಕೀವಿ ಹಕ್ಕಿ ನಿಶಾಚರಿ, ಹಗಲಿನಲ್ಲಿ ಕಾಣುವ ಆಸೆ ಬಿಡಿ. ಪುರೆಯೊರಾದಲ್ಲಿ ಕಿವಿಗೊಡಬೇಕಾದದ್ದು ಕೊಕಾಕೊ ಹಕ್ಕಿಗೆ. ಬೂದು ಮೈ, ಕೊಕ್ಕಿನ ಬುಡದಲ್ಲಿ ನೀಲಿ ಜೋಲು. ಬೆಳಗಿನ ಹೊತ್ತು ಎಳೆದು ಎಳೆದು ಹಾಡುತ್ತದೆ. ಹಕ್ಕಿಗಳ ಮೊಟ್ಟೆ ತಿನ್ನುವ ಇಲಿ, ಸ್ಟೋಟ್ ಎಂಬ ಮುಂಗುಸಿಯಂಥ ಪ್ರಾಣಿ, ಪೊಸಮ್ ಎಂಬ ಮರವೇರುವ ಪ್ರಾಣಿ ಇವುಗಳನ್ನು ಕೊಲ್ಲಲು ಅಲ್ಲಲ್ಲಿ ವಿಷ ಇಟ್ಟಿರುತ್ತಾರೆ. ಎಚ್ಚರಿಕೆ ಫಲಕ ಕಂಡರೆ ನೆಲದ ಮೇಲಿನ ಯಾವುದನ್ನೂ ಮುಟ್ಟಬೇಡಿ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕಾಯಿಸದೆ, ಶೋಧಿಸದೆ ಕುಡಿಯಬೇಡಿ.

ತೂಗುಸೇತುವೆ ಎಂದರೆ ನನಗೆ ತಲೆ ತಿರುಗುತ್ತದೆ. ಬಳಸಿ ಹೋಗಲು ದಾರಿ ಇದೆಯೇ?

ಇಲ್ಲ. ಟಿಂಬರ್ ಟ್ರೇಲಿನಲ್ಲಿ ಒಟ್ಟು 35 ಸೇತುವೆಗಳು, ಅವುಗಳಲ್ಲಿ 8 ದೊಡ್ಡ ತೂಗುಸೇತುವೆಗಳು. ಉದ್ದದ್ದು ಮರಮತಾಹ ಕಣಿವೆಯ ಮೇಲಿನದು: 141 ಮೀಟರ್ ಉದ್ದ, 53 ಮೀಟರ್ ಎತ್ತರ. ಎರಡೂ ಬದಿ ಜಾಲರಿ ಇದೆ. ಅಳುಕುವವರು ಇಳಿದು, ಸೈಕಲ್ಲನ್ನು ಮುಂದೆ ತಳ್ಳುತ್ತ, ನೋಟವನ್ನು ಎದುರಿನ ಕಂಬಕ್ಕೆ ನೆಟ್ಟು ದಾಟುತ್ತಾರೆ. ಹಿಂದೆ ಬರುವವರಿಗೆ ನೀವು ದಾಟುವವರೆಗೆ ಕಾಲಿಡಬೇಡಿ ಎಂದು ಹೇಳಿ. ಎರಡನೆಯವರ ಹೆಜ್ಜೆಗೆ ಹಲಗೆ ಕುಣಿಯುವುದೇ ಭಯಕ್ಕೆ ಮುಖ್ಯ ಕಾರಣ.

ಟಿಂಬರ್ ಟ್ರೇಲ್ ಎಂದರೆ ಮರ ಕಡಿದ ಹಾದಿ. ಅದನ್ನು ಸಂಭ್ರಮಿಸುವುದು ಸರಿಯೇ?

ಈ ಪ್ರಶ್ನೆ ಕೇಳಿದವರು ಶಿರಸಿಯವರು ಎಂಬುದು ನನಗೆ ಆಶ್ಚರ್ಯ ತರಲಿಲ್ಲ. ದಕ್ಷಿಣದ ಅರ್ಧ ಹಾದಿ ನಿಜಕ್ಕೂ ಮರದ ದಿಮ್ಮಿ ಸಾಗಿಸಿದ ಹಳೆಯ ಟ್ರಾಮ್ ಮಾರ್ಗವೇ. ಇಳಿಜಾರು ಅಷ್ಟು ಹದವಾಗಿರುವುದಕ್ಕೂ ಅದೇ ಕಾರಣ: ದಿಮ್ಮಿ ಹೊತ್ತ ಬಂಡಿಗೆ ಕಡಿದಾದ ಇಳಿಜಾರು ಆಗುವುದಿಲ್ಲ. ಒಂಗರುಯೆ ಬಳಿ ಬೆಟ್ಟ ಇಳಿಯಲು ಹಾದಿ ಒಂದು ಪೂರ್ಣ ಸುತ್ತು ಹಾಕಿ, ಸುರಂಗವೊಂದನ್ನು ಹೊಕ್ಕು, ತನ್ನನ್ನು ತಾನೇ ದಾಟುತ್ತದೆ.

ಆದರೆ ಉತ್ತರದ ಭಾಗದಲ್ಲಿ ಇನ್ನೂ ನಿಂತಿರುವ ಸಾವಿರ ವರ್ಷದ ಮರಗಳದ್ದು ಬೇರೆ ಕಥೆ. 1978ರಲ್ಲಿ ಪರಿಸರ ಹೋರಾಟಗಾರರು ಪುರೆಯೊರಾದ ಮರಗಳ ಮೇಲೆ ಅಟ್ಟಣೆ ಕಟ್ಟಿ ಕುಳಿತರು, ಕೊಡಲಿ ನಿಂತಿತು, ಕಾಡು ಉದ್ಯಾನವಾಯಿತು. ನಮ್ಮ ಶಿರಸಿ ಬಳಿಯ ಸಲಕಣಿಯಲ್ಲಿ ಜನ ಕಾಡು ಉಳಿಸಲು ಮರಗಳನ್ನು ಅಪ್ಪಿಕೊಂಡದ್ದು, ಅಂದರೆ ಅಪ್ಪಿಕೊ ಚಳವಳಿ, 1983ರಲ್ಲಿ. ಎರಡಕ್ಕೂ ನೇರ ನಂಟಿಲ್ಲ, ಕಾಲ ಒಂದೇ. ಮರ ಕಡಿಯುವ ಕೆಲಸವನ್ನೇ ನೆಚ್ಚಿದ್ದ ಪುರೆಯೊರಾದ ಸುತ್ತಲಿನ ಹಳ್ಳಿಗಳು ಆಮೇಲೆ ಸೊರಗಿದ್ದೂ ನಿಜ. 2013ರಲ್ಲಿ ತೆರೆದ ಈ ಸೈಕಲ್ ಹಾದಿ ಆ ಊರುಗಳಿಗೆ ಸ್ವಲ್ಪ ದುಡಿಮೆ ಮರಳಿಸಿದೆ. ಹಾಗಾಗಿ ಹೋಗಿ, ಅಲ್ಲಿಯ ಅಂಗಡಿಯಲ್ಲೇ ಚಹಾ ಕುಡಿಯಿರಿ.

ಸವಾರಿ ಮುಗಿಸಿ ಬಿಸಿನೀರಿನ ಬುಗ್ಗೆಯಲ್ಲಿ ಮುಳುಗಿ ಏಳಬಹುದೇ?

ಇಳಿಯಿರಿ, ಮುಳುಗಬೇಡಿ. ಮೂಗಿನೊಳಗೆ ಬಿಸಿನೀರು ಹೋಗಕೂಡದು. ನೈಸರ್ಗಿಕ ಬುಗ್ಗೆಗಳಲ್ಲಿ ಇರಬಹುದಾದ ಅಮೀಬಾ ಮೂಗಿನ ಮೂಲಕ ಮಿದುಳು ತಲುಪಿದರೆ ಪ್ರಾಣಾಪಾಯ. ಅಪರೂಪ, ಆದರೆ ಫಲಕಗಳಲ್ಲಿ ಬರೆದಿರುವುದು ಸುಮ್ಮನೆ ಅಲ್ಲ. ಬೆಳ್ಳಿಯ ಉಡಿದಾರ, ಕಾಲ್ಗೆಜ್ಜೆ, ಕಾಲುಂಗುರಗಳನ್ನು ಕಳಚಿಡಿ, ಗಂಧಕದ ನೀರಿಗೆ ಕಪ್ಪಾಗುತ್ತವೆ. ಹಬೆ ಏಳುವ ನೆಲದಲ್ಲಿ ಬೇಲಿ ದಾಟಬೇಡಿ. ಮೇಲೆ ಹುಲ್ಲು ಕಂಡರೂ ಅಡಿಯಲ್ಲಿ ಕುದಿಯುವ ಕೆಸರು ಇರಬಹುದು.

ಅಲ್ಲಿಯ ಮೂಲನಿವಾಸಿ ಮಾವೊರಿ ಜನರ ನೆಲದಲ್ಲಿ ಹೇಗೆ ನಡೆದುಕೊಳ್ಳಬೇಕು?

ನಮ್ಮವರಿಗೆ ಕಲಿಯಲು ಹೆಚ್ಚೇನಿಲ್ಲ. ಸಭಾಮನೆಗೆ ಕಾಲಿಡುವಾಗ ಚಪ್ಪಲಿ ಬಿಡಬೇಕು, ಊಟದ ಮೇಜಿನ ಮೇಲೆ ಕೂರಬಾರದು, ಪವಿತ್ರ ಎಂದು ಹೇಳಿದ ಜಾಗದಲ್ಲಿ ತಿನ್ನಬಾರದು. ಫಕರೆವರೆವಾ ಕಾಡಿನ ನೆಲದ ಒಡೆತನ 2009ರಲ್ಲಿ ಮಾವೊರಿ ಬುಡಕಟ್ಟುಗಳಿಗೆ ಮರಳಿದೆ. ನೀವು ಸವಾರಿ ಮಾಡುವುದು ಅವರ ಒಪ್ಪಿಗೆಯಿಂದ. ಹಾದಿ ಮುಚ್ಚಿದೆ ಎಂಬ ಫಲಕ ಕಂಡರೆ ನುಸುಳಬೇಡಿ.

## ಪಳಗಿದವರ ಪ್ರಶ್ನೆಗಳು

ಪ್ಯೂಮಿಸ್ ಮಣ್ಣಿನಲ್ಲಿ ಹಿಡಿತ ಹೇಗೆ? ಟೈರಿನ ಗಾಳಿ ಎಷ್ಟು?

ತೇವ ಇರುವಾಗ ಅದ್ಭುತ ಹಿಡಿತ, ಒಣ ಬೇಸಿಗೆಯಲ್ಲಿ ತಿರುವುಗಳ ಮೇಲೆ ರಾಗಿ ಚೆಲ್ಲಿದಂತೆ ಜಾರುತ್ತದೆ. ತಿರುವಿಗೆ ಮೊದಲೇ ಬ್ರೇಕ್ ಹಾಕಿ ಮುಗಿಸಿ, ತಿರುವಿನೊಳಗೆ ಮುಂದಿನ ಬ್ರೇಕಿನಿಂದ ಬೆರಳು ತೆಗೆಯಿರಿ. ಗಾಳಿ ನಿಮ್ಮ ತೂಕ, ಟೈರಿನ ಅಗಲಕ್ಕೆ ತಕ್ಕಂತೆ. ಟ್ಯೂಬ್‌ಲೆಸ್ ಇದ್ದರೆ ರಸ್ತೆಯ ಅಭ್ಯಾಸಕ್ಕಿಂತ ಧಾರಾಳವಾಗಿ ಇಳಿಸಿ ಶುರುಮಾಡಿ, ರಿಮ್ ಬಡಿದರೆ ಸ್ವಲ್ಪ ಏರಿಸಿ. ಹಿಂದಿನ ಚಕ್ರ ಲಾಕ್ ಮಾಡಿ ಎಳೆಯುವ ಚಟ ಇದ್ದರೆ ಬಿಡಿ. ಈ ಮೃದು ನೆಲದಲ್ಲಿ ಹಾಗೆ ಬಿದ್ದ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ರುವಪೆಹು ಕಡೆಗೆ ಹೋದಂತೆ ಮಣ್ಣು ಬದಲಾಗುತ್ತದೆ. ಓಲ್ಡ್ ಕೋಚ್ ರೋಡಿನ ಹಳೆಯ ಕಲ್ಲುಹಾಸು ಒದ್ದೆಯಾದರೆ ಅಡ್ಡಡ್ಡ ತಿರುಗಿಸದೆ ನೇರ ದಾಟಿ.

ನಾವು ಐದನೆಯ ದರ್ಜೆಯ ಹಾದಿಗಳಲ್ಲಿ ಓಡಿಸುವವರು. ಇದೆಲ್ಲ ಬೇಸರ ಆಗುವುದಿಲ್ಲವೇ?

ಟಿಂಬರ್ ಟ್ರೇಲಿನಲ್ಲಿ ಸಾಹಸ ಹುಡುಕಿದರೆ ಬೇಸರವೇ. ನಿಮಗೆ ಫಕರೆವರೆವಾದಲ್ಲೇ ಮೂರು ದಿನ ಕಳೆಯಿರಿ ಎನ್ನುತ್ತೇನೆ. 2006ರ ವಿಶ್ವ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ರೊಟೊರುವಾದಲ್ಲಿ. ಬೆಟ್ಟದ ನೆತ್ತಿಗೆ ಸೈಕಲ್ ಹೊತ್ತೊಯ್ಯುವ ವಾಹನ ಸೇವೆ ಇದೆ, ಕಡಿದಾದ, ಬೇರು ತುಂಬಿದ ಇಳಿಹಾದಿಗಳು ಬೇಕಾದಷ್ಟಿವೆ. ಗುಂಪಿನಲ್ಲಿ ಹೊಸಬರೂ ಇದ್ದರೆ ಅವರ ಜೊತೆ ಇಡೀ ದಿನ ಹಲ್ಲು ಕಚ್ಚಿಕೊಂಡು ಸಾಗಬೇಡಿ. ಬೇರೆ ಮಾರ್ಗದರ್ಶಿ ಕೇಳಿ.

ಟೊಂಗರಿರೊ ಆಲ್ಪೈನ್ ಕ್ರಾಸಿಂಗ್ ಮೇಲೆ ಸೈಕಲ್ ಒಯ್ಯಬಹುದೇ?

ಇಲ್ಲ. ಜ್ವಾಲಾಮುಖಿಗಳ ನಡುವೆ ಸಾಗುವ ಆ ಬೆಟ್ಟದ ಹಾದಿ ನಡೆಯುವವರಿಗೆ ಮಾತ್ರ. ಬಿಡುವಿನ ದಿನ ಇಟ್ಟುಕೊಂಡು ನಡೆದು ಬನ್ನಿ.

ಇನ್ನೂ ಒಂದು ದಿನ ಕೈಯಲ್ಲಿದೆ. ಏನನ್ನು ಸೇರಿಸಲಿ?

ಮಂಗಪುರುವಾ ಕಣಿವೆಯ ಹಾದಿ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರ ಆ ಕಣಿವೆಯಲ್ಲಿ ಜಮೀನು ಕೊಟ್ಟಿತ್ತು. ಕುಸಿಯುವ ಗುಡ್ಡ, ಕೊಚ್ಚಿಹೋಗುವ ರಸ್ತೆಗಳ ನಡುವೆ ಅವರು ಬೇಸಾಯ ಮಾಡಲಾಗದೆ ಒಬ್ಬೊಬ್ಬರಾಗಿ ಬಿಟ್ಟುಹೋದರು. ಅವರಿಗಾಗಿ 1936ರಲ್ಲಿ ಕಟ್ಟಿ ಮುಗಿಸಿದ ಕಾಂಕ್ರೀಟ್ ಸೇತುವೆ ಯಾವ ರಸ್ತೆಗೂ ಸೇರದೆ ಕಾಡಿನ ನಡುವೆ ನಿಂತಿದೆ. ಬಿಟ್ಟುಹೋದ ಮನೆಗಳ ಜಾಗದಲ್ಲಿ ಆ ಕುಟುಂಬಗಳ ಹೆಸರಿನ ಫಲಕಗಳಿವೆ. ಇದು ಪ್ಯೂಮಿಸ್ ಅಲ್ಲ, ಮಳೆ ಬಂದರೆ ಜೇಡಿ ಮೆತ್ತಿಕೊಳ್ಳುವ ನೆಲ. ಪ್ರಪಾತದ ಅಂಚಿನ ತುಂಡುಗಳಲ್ಲಿ ಇಳಿದು ನಡೆಯುವುದು ಕಡ್ಡಾಯ ಎಂದೇ ತಿಳಿಯಿರಿ. ಹಾದಿ ಮುಗಿಯುವುದು ಫಂಗನುಯಿ ನದಿಯ ದಂಡೆಯಲ್ಲಿ, ಅಲ್ಲಿಂದ ಪಿಪಿರಿಕಿಗೆ ಜೆಟ್ ದೋಣಿಯಲ್ಲಿ ಹೋಗಬೇಕು. ದೋಣಿಯನ್ನು ಮುಂಗಡವಾಗಿ ಕಾಯ್ದಿರಿಸದೆ ಹೊರಟವರು ಇಳಿದ ಹಾದಿಯನ್ನೆಲ್ಲ ಮತ್ತೆ ಹತ್ತಬೇಕಾಗುತ್ತದೆ.